ಪದವಿಪೂರ್ವ ವಿದ್ಯಾರ್ಥಿಗಳೂ ರಸಾಯನಶಾಸ್ತ್ರದ ಅಭ್ಯಾಸವೂ

(ಬೈರಮಂಗಲದಲ್ಲಿ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯು ಸಮೀಪಿಸುತ್ತಿರುವ ಕಾಲದಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಉದ್ದವಾದ ಉಪನ್ಯಾಸ ಮಾಡುವುದು ಅವರ ವೇಳೆಯನ್ನು ಅಪಹರಿಸಿದಂತೆಯೇ ಸರಿ. ಆದರೂ ಈ ಸಭೆಯ ಕಾರ್ಯಕರ್ತರು ನನಗೆ ವಿಧಿಸಿದ ವಿಷಯವು ಪರೀಕ್ಷೆಗೇ ಸಂಬಂಧಪಟ್ಟುದಾದುದರಿಂದ, ಉಪಯೋಗಕ್ಕೆ ಬರಬಹುದಾದ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು. ವಿಜ್ಞಾನದ ತರಗತಿಗಳಿಗೆ ಸೇರಿದ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಯಾವ ವಿಷಯಕ್ಕೆ ಹೆಚ್ಚಾಗಿ ಹೆದರುತ್ತಾರೆಂದು ವಿಚಾರಿಸಿದರೆ, ಬಹುಮಂದಿಯ ಉತ್ತರ ರಸಾಯನಶಾಸ್ತ್ರವೆಂದೇ. ಗಣಿತಕ್ಕೆ ಹೆದರುವವರೂ ಉಂಟು. ಆದರೆ ಗಣಿತದಲ್ಲಿ ಲೆಕ್ಕ ಬಾರದಿದ್ದರೆ ಬಾರದೆಂಬುದು ಆಗಲೇ ತಿಳಿದುಹೋಗುತ್ತದೆ. ರಸಾಯನಶಾಸ್ತ್ರದಲ್ಲಿ ಹಾಗಲ್ಲ. ಬಾಯಿಪಾಠ ಮಾಡಿದವನು ತನಗೆ ಬಂದಿದೆಯೆಂದು ನಂಬಿಕೊಂಡು ಪರೀಕ್ಷೆಯ ಕೊಠಡಿಯವರೆಗೂ ಹೋಗುತ್ತಾನೆ. ಅಲ್ಲಿ ಪ್ರಶ್ನೆಯು ಸ್ವಲ್ಪ ಬೇರೆ ವೇಷದಲ್ಲಿ ಬಂದೊಡನೆ ದಿಕ್ಕುಗೆಟ್ಟು ನಿಲ್ಲುತ್ತಾನೆ. ಅರ್ಥವಾಗದ ಮಾತನ್ನು ಕಂಠಸ್ಥ ಮಾಡುವುದು ಅಭ್ಯಾಸವಲ್ಲ. ಅದರಿಂದ ಅಂಕವೂ ದೊರೆಯದು, ವಿದ್ಯೆಯೂ ದೊರೆಯದು. ನಾನು ಈ ಹೊತ್ತು ಹೇಳಬೇಕಾದುದು ಮುಖ್ಯವಾಗಿ ಇಷ್ಟೇ: ಕನ್ನಡದಲ್ಲಿ ಅರ್ಥಮಾಡಿಕೊಳ್ಳಿರಿ, ಕೈಯಿಂದ ಬರೆದು ಕಲಿಯಿರಿ, ಕಲಿತುದನ್ನು ನಿಮ್ಮ ನೆಲದಲ್ಲಿಯೂ ನೀರಿನಲ್ಲಿಯೂ ಗುರುತಿಸಿರಿ.

ಮೊದಲು ಭಾಷೆಯ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನು ಬೇಸಿಗೆಯ ರಜ ಕಳೆದು ಪದವಿಪೂರ್ವ ಕಾಲೇಜಿಗೆ ಹೋದಾಗ ಎಲ್ಲವೂ ಒಮ್ಮೆಲೇ ಇಂಗ್ಲೀಷಾಗಿರುತ್ತದೆ. ನಿನ್ನೆಯವರೆಗೆ ತನಗೆ ಪರಿಚಿತವಾಗಿದ್ದ ಆಮ್ಲ, ಪ್ರತ್ಯಾಮ್ಲ, ಲವಣಗಳೂ ಅಪರಿಚಿತರಂತೆ ಎದುರು ನಿಲ್ಲುತ್ತವೆ. ಅವನು ಕಳೆದುಕೊಂಡದ್ದು ಬುದ್ಧಿಯನ್ನಲ್ಲ, ಹೆಸರುಗಳನ್ನು ಮಾತ್ರ. ಆದರೆ ಮೊದಲ ಮೂರು ತಿಂಗಳಲ್ಲಿ ಈ ಭೇದವನ್ನು ಅವನಿಗೆ ತಿಳಿಸಿ ಹೇಳುವವರಿಲ್ಲದೆ ಹೋದರೆ, ತಾನು ದಡ್ಡನೆಂದು ಅವನೇ ತೀರ್ಮಾನಿಸಿಕೊಳ್ಳುತ್ತಾನೆ. ಹೀಗೆ ತಮ್ಮನ್ನು ತಾವೇ ಅನುತ್ತೀರ್ಣರನ್ನಾಗಿ ಮಾಡಿಕೊಂಡವರು ಎಷ್ಟು ಮಂದಿಯೋ!

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಆಕ್ಷೇಪಣೆಗೆ ಉತ್ತರ ದೊರೆತು ನೂರು ವರ್ಷಗಳ ಮೇಲಾಯಿತು. ೧೯೧೮ರಲ್ಲಿಯೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಅವರೇ ಪಂಪಭಾರತದ ಸಂಪಾದನೆಯಲ್ಲಿಯೂ ದುಡಿದವರು. ಪಂಪನೂ ಭೌತಶಾಸ್ತ್ರವೂ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ವಾಸಮಾಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ತರುವಾಯ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ೧೯೭೮ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹುಟ್ಟಿತು. ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು.

ರಸಾಯನಶಾಸ್ತ್ರದಲ್ಲಿಯೇ ನಿದರ್ಶನ ಬೇಕೆಂದರೆ ಸಿ. ಎನ್. ಆರ್. ರಾಯರಿದ್ದಾರೆ. ೧೯೩೪ರಲ್ಲಿ ಜನಿಸಿದ ಅವರು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಸೆಂಟ್ರಲ್ ಕಾಲೇಜಿನಿಂದ ೧೯೫೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿಯನ್ನು ಪಡೆದರು. ೨೦೧೪ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಸ್ವೀಕರಿಸಿದರು. ಕನ್ನಡ ಶಾಲೆಯ ಬೆಂಚು ರಸಾಯನಶಾಸ್ತ್ರಜ್ಞನಾಗುವುದಕ್ಕೆ ಅಡ್ಡಿಯಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಈಗ ಕಾಲವೂ ಸ್ವಲ್ಪ ಅನುಕೂಲವಾಗಿದೆ. ವೈದ್ಯಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ೨೦೧೭ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಎಂಜಿನಿಯರಿಂಗಿನ ಜೆಇಇ ಮೇನ್ ಪರೀಕ್ಷೆಗೆ ೨೦೨೧ರಲ್ಲಿ ಈ ಸೌಕರ್ಯ ಬಂದಿತು. ಇದು ಸಂತೋಷದ ಸಂಗತಿಯೇ. ಆದರೆ ವರ್ಷವೆಲ್ಲ ಇಂಗ್ಲೀಷಿನ ಪಾಠವನ್ನು ಕೇಳಿ, ಇಂಗ್ಲೀಷಿನ ಪುಸ್ತಕವನ್ನು ಓದಿದವನಿಗೆ ಕೊನೆಯ ದಿನ ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟರೆ ಪ್ರಯೋಜನವೇನು? ಬಿತ್ತದ ಹೊಲದಲ್ಲಿ ಕೊಯ್ಲಿಗೆ ಹೋದಂತಾಯಿತು. ಬಿತ್ತನೆಯು ಕಾಲೇಜಿನ ಮೊದಲ ದಿನದಿಂದ ಆಗಬೇಕು.

ಆದುದರಿಂದ ವಿದ್ಯಾರ್ಥಿಗಳು ಪ್ರತಿಯೊಂದು ಅಧ್ಯಾಯವನ್ನು ಪ್ರಾರಂಭಿಸುವ ಮುನ್ನ ಅದರಲ್ಲಿ ಬರುವ ಇಪ್ಪತ್ತು ಮುಖ್ಯ ಶಬ್ದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಎಡಗಡೆ ಇಂಗ್ಲೀಷು, ಬಲಗಡೆ ಕನ್ನಡ, ಕೆಳಗೆ ಒಂದು ಸಾಲಿನ ವಿವರಣೆ. ಹೆಸರುಗಳ ಅರ್ಥವನ್ನು ವಿಚಾರಿಸುವುದರಲ್ಲಿಯೇ ಅರ್ಧ ಪಾಠವಿದೆ. ಆಮ್ಲಜನಕವೆಂಬ ಮಾತನ್ನೇ ನೋಡಿರಿ. ಆಮ್ಲವನ್ನು ಹುಟ್ಟಿಸತಕ್ಕದ್ದೆಂದು ಅದರ ಅರ್ಥ. ಫ್ರಾನ್ಸ್ ದೇಶದ ಲವಾಸಿಯೆಯು ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿರಬೇಕೆಂದು ಊಹಿಸಿ ಹದಿನೆಂಟನೆಯ ಶತಮಾನದಲ್ಲಿ ಈ ಹೆಸರಿಟ್ಟನು. ನಮ್ಮವರು ಅದನ್ನೇ ಕನ್ನಡಿಸಿದರು. ಆದರೆ ೧೮೧೦ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಕ್ಲೋರಿನ್ ಒಂದು ಮೂಲವಸ್ತುವೆಂದು ಸ್ಥಾಪಿಸಿದಾಗ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವು ಲೇಶವೂ ಇಲ್ಲವೆಂಬುದು ಗೊತ್ತಾಯಿತು. ಹೆಸರು ಉಳಿಯಿತು, ಊಹೆ ಬಿದ್ದಿತು. ಇಂಗ್ಲೀಷಿನ ‘ಆಕ್ಸಿಜನ್’ ಎಂಬ ಮಾತಿನ ಒಳಗೂ ಇದೇ ಅರ್ಥವಿದೆ. ಆದರೆ ಅದು ಗ್ರೀಕು ಮೂಲದ್ದಾದುದರಿಂದ ಇಂಗ್ಲೀಷು ಹುಡುಗನಿಗೂ ಹೊರಗೆ ಕಾಣುವುದಿಲ್ಲ. ಕನ್ನಡದ ಹುಡುಗನಿಗೆ ಹೆಸರನ್ನು ಕೇಳಿದೊಡನೆ ಕಾಣುತ್ತದೆ. ಆಮ್ಲವೆಂದರೇನೆಂಬ ಪ್ರಶ್ನೆಗೆ ವಿಜ್ಞಾನವು ತನ್ನ ಉತ್ತರವನ್ನು ಹೇಗೆ ತಿದ್ದಿಕೊಂಡಿತೆಂಬುದನ್ನು ಉಪಾಧ್ಯಾಯರು ಇದೊಂದೇ ಮಾತಿನಿಂದ ಬೋಧಿಸಬಹುದು.

ಅರ್ಥವಾದ ಮೇಲೆ ಉತ್ತರವನ್ನು ಇಂಗ್ಲೀಷಿನಲ್ಲಿ ಬರೆಯಬೇಕಾದವರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಲಿ. ಪುಸ್ತಕದ ಉದ್ದುದ್ದ ವಾಕ್ಯಗಳನ್ನು ಹೊತ್ತು ತರುವುದಕ್ಕಿಂತ, ತಿಳಿದುದನ್ನು ಸರಿಯಾದ ಸಮೀಕರಣದೊಡನೆ ನಾಲ್ಕು ಸಾಲಿನಲ್ಲಿ ಹೇಳುವುದು ಮೇಲು.

ಇನ್ನು ಅಭ್ಯಾಸದ ಕ್ರಮ. ನಮ್ಮವರಲ್ಲಿ ಹೆಚ್ಚಾಗಿರುವ ರೂಢಿಯೆಂದರೆ, ಪುಸ್ತಕವನ್ನು ಮುಂದಿಟ್ಟುಕೊಂಡು ಅದೇ ಪುಟವನ್ನು ಮತ್ತೆ ಮತ್ತೆ ಓದುವುದು. ಇದರ ಫಲವನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಇನ್ನೊಂದು ಗುಂಪಿನವರು ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯ ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು. ಪರೀಕ್ಷೆಯು ಐದು ನಿಮಿಷದ ಮೇಲೆ ಬರುವುದಿಲ್ಲ, ತಿಂಗಳುಗಳ ಮೇಲೆ ಬರುತ್ತದೆ. ಆದಕಾರಣ ಪುಸ್ತಕವನ್ನು ಮುಚ್ಚುವುದನ್ನು ಕಲಿಯಿರಿ. ಮುಚ್ಚಿ ಬರೆಯಿರಿ, ತೆರೆದು ತಿದ್ದಿರಿ, ಎರಡು ದಿನ ಬಿಟ್ಟು ಮತ್ತೆ ಬರೆಯಿರಿ, ವಾರ ಬಿಟ್ಟು ಮಗದೊಮ್ಮೆ ಬರೆಯಿರಿ. ನಮ್ಮ ಹಿರಿಯರು ಮಗ್ಗಿಯನ್ನು ಒಪ್ಪಿಸುತ್ತಿದ್ದುದೂ ಪುಸ್ತಕವನ್ನು ನೋಡಿಕೊಂಡಲ್ಲ.

ರಸಾಯನಶಾಸ್ತ್ರಕ್ಕೆ ಮೂರು ಅಂಗಗಳಿವೆ. ಮೂರನ್ನೂ ಒಂದೇ ರೀತಿಯಲ್ಲಿ ಓದಲಾಗದು. ಭೌತರಸಾಯನಕ್ಕೆ ಲೆಕ್ಕವೇ ಪ್ರಾಣ. ಅಲ್ಲಿ ಸೂತ್ರವನ್ನು ಬಲ್ಲೆನೆಂದರೆ ಸಾಲದು. ದಿನಕ್ಕೆ ಮೂರು ಲೆಕ್ಕಗಳನ್ನು ಮಾನಗಳ ಸಹಿತ ಕೊನೆಯ ಅಂಕಿಯವರೆಗೆ ಮಾಡಿ ಮುಗಿಸಬೇಕು. ಸಾವಯವ ರಸಾಯನವು ಒಂದು ದೊಡ್ಡ ಮನೆತನದಂತೆ. ಮದ್ಯಸಾರದಿಂದ ಆಲ್ಡಿಹೈಡು, ಆಲ್ಡಿಹೈಡಿನಿಂದ ಆಮ್ಲ, ಆಮ್ಲದಿಂದ ಎಸ್ಟರು ಎಂದು ವಂಶವೃಕ್ಷವನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳತಕ್ಕದ್ದು. ನಿರವಯವ ರಸಾಯನವನ್ನು ಆವರ್ತಕೋಷ್ಟಕದ ಹೊರಗೆ ಓದಿದರೆ ಅದು ಬರಿಯ ಹರಳುಗಳ ರಾಶಿ; ಕೋಷ್ಟಕದೊಳಗಿಟ್ಟು ಓದಿದರೆ ಹಾರ. ಪ್ರಾಯೋಗಿಕವನ್ನಂತೂ ಅಲಕ್ಷಿಸುವಂತಿಲ್ಲ. ದ್ವಿತೀಯ ಪದವಿಪೂರ್ವ ಪರೀಕ್ಷೆಯಲ್ಲಿ ಲಿಖಿತಕ್ಕೆ ೭೦ ಅಂಕ, ಪ್ರಾಯೋಗಿಕಕ್ಕೆ ೩೦ ಅಂಕ. ಈ ೩೦ ಅಂಕಗಳು ಕೈಯ ಅಭ್ಯಾಸದಿಂದ ಬರತಕ್ಕವು. ಹಿಂದಿನ ರಾತ್ರಿಯ ಜಾಗರಣೆಯಿಂದ ಬರತಕ್ಕವಲ್ಲ.

ಈಗ ನೆಲದ ಮಾತಿಗೆ ಬರುವೆನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಯು ರಸಾಯನಶಾಸ್ತ್ರದ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ರೇಷ್ಮೆಹುಳು ಸಾಕುತ್ತಾರೆ. ಗೂಡನ್ನು ಬಿಸಿನೀರಿಗೆ ಹಾಕದೆ ನೂಲು ಬಿಚ್ಚಲಾಗುವುದಿಲ್ಲ, ಏಕೆ? ರೇಷ್ಮೆಯ ಎಳೆಯಲ್ಲಿ ಎರಡು ಸಸಾರಜನಕಗಳಿವೆ. ಒಳಗಿನದು ಫೈಬ್ರಾಯಿನ್, ಅದನ್ನು ಸುತ್ತಿ ಅಂಟಿಸಿರುವುದು ಸೆರಿಸಿನ್. ಬಿಸಿನೀರಿನಲ್ಲಿ ಸೆರಿಸಿನ್ ಮೆದುವಾಗುತ್ತದೆ, ಎಳೆಯು ಬಿಡುತ್ತದೆ. ಮುಂದೆ ಸಾಬೂನು ಸೋಡಾಗಳ ನೀರಿನಲ್ಲಿ ಕುದಿಸಿದಾಗ ಸೆರಿಸಿನ್ ಕರಗಿಹೋಗಿ ರೇಷ್ಮೆಗೆ ಹೊಳಪು ಬರುತ್ತದೆ. ಜೈವಿಕ ಅಣುಗಳ ಅಧ್ಯಾಯದಲ್ಲಿ ಪೆಪ್ಟೈಡ್ ಬಂಧವೆಂದು ಓದುವುದು ಈ ಎಳೆಯ ಬಂಧವನ್ನೇ. ಚನ್ನಪಟ್ಟಣದ ಗೊಂಬೆಯ ಕುಶಲಿಯು ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಘರ್ಷಣೆಯ ಶಾಖದಿಂದ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಆ ಅರಗು ಒಂದು ಕೀಟದ ಸ್ರಾವ. ಅದರ ಅಣುಗಳು ಬಹುಮಟ್ಟಿಗೆ ಎಸ್ಟರುಗಳು.

ರಾಮನಗರದ ಬೆಟ್ಟಗಳನ್ನೇ ನೋಡಿರಿ. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆಯಾದುದರಿಂದ ಭೂವಿಜ್ಞಾನಿಗಳು ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆದರು. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಇದನ್ನು ತಿಳಿಯುವ ಬಗೆ ಹೇಗೆ? ಕ್ರಿಯಾವೇಗದ ಅಧ್ಯಾಯದಲ್ಲಿ ಪ್ರಥಮ ಕ್ರಮಾಂಕದ ಕ್ರಿಯೆ, ಅರ್ಧಾಯುಷ್ಯ ಎಂದು ಓದುತ್ತೀರಷ್ಟೆ. ಯುರೇನಿಯಂ ೨೩೮ರ ಅರ್ಧಾಯುಷ್ಯವು ಸುಮಾರು ೪೪೭ ಕೋಟಿ ವರ್ಷ. ಆ ಸೂತ್ರದಲ್ಲಿ ೨೫೦ ಕೋಟಿಯನ್ನು ಇಟ್ಟು ಲೆಕ್ಕಹಾಕಿರಿ. ಬೆಟ್ಟವು ಹುಟ್ಟಿದಾಗ ಅದರ ಹರಳುಗಳಲ್ಲಿದ್ದ ಈ ಯುರೇನಿಯಮ್ಮಿನಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಕ್ಷಯಿಸಿ ಸೀಸವಾಗಿದೆಯೆಂದು ಉತ್ತರ ಬರುತ್ತದೆ. ದಿನವೂ ಕಾಣುವ ಬೆಟ್ಟವನ್ನು ಲೆಕ್ಕದ ಪುಸ್ತಕಕ್ಕೆ ತಂದ ವಿದ್ಯಾರ್ಥಿಯು ಆ ಸೂತ್ರವನ್ನು ಮರೆಯಲಾರನು.

ಆದರೆ ಮಹನೀಯರೇ, ಈ ಊರಿನಲ್ಲಿ ನಿಂತು ರಸಾಯನಶಾಸ್ತ್ರವನ್ನು ಕುರಿತು ಮಾತನಾಡುವವನು ಬೈರಮಂಗಲದ ಕೆರೆಯನ್ನು ಬಿಟ್ಟು ಮಾತನಾಡಿದರೆ ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಪ್ರತೀತಿ. ಅದು ಬೆಂಗಳೂರಿನ ಕೊಳೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಕೆಂಗೇರಿಯನ್ನೂ ಬಿಡದಿಯ ಸೀಮೆಯನ್ನೂ ದಾಟಿ ಈ ಕೆರೆಗೆ ಬರುತ್ತದೆ. ಇಲ್ಲಿಂದ ಮುಂದೆ ಅರ್ಕಾವತಿಯನ್ನೂ ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತದೆ. ವ್ಯವಸಾಯಕ್ಕಾಗಿ ಕಟ್ಟಿದ ಕೆರೆಯಲ್ಲಿ ಈಗ ನೊರೆಯೂ ದುರ್ವಾಸನೆಯೂ ತುಂಬಿವೆ. ಇದು ದುಃಖದ ವಿಷಯ. ಆದರೆ ದುಃಖಿಸುವುದರ ಜೊತೆಗೆ ಅರಿಯುವುದೂ ನಮ್ಮ ಕರ್ತವ್ಯ.

ನೊರೆಯೆಂದರೇನು? ಸಾಬೂನು ಮತ್ತು ಮಾರ್ಜಕಗಳ ಅಣುವಿಗೆ ನೀರನ್ನು ಒಪ್ಪುವ ತಲೆಯೂ ನೀರನ್ನು ಒಲ್ಲದ ಬಾಲವೂ ಇವೆ. ಅವು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸುವುದರಿಂದ ನೀರು ತೂಬಿನಲ್ಲಿ ಧುಮುಕಿದಾಗ ನೊರೆ ಏಳುತ್ತದೆ. ದುರ್ವಾಸನೆಯೇಕೆ? ತಂಪಾದ ಶುದ್ಧ ಜಲದಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು ೧೦ ಪಾಲಿನವರೆಗೆ ಆಮ್ಲಜನಕ ಕರಗಿರಬಲ್ಲುದು. ಕೊಳೆಯು ಬಂದು ಬಿದ್ದಾಗ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಲು ಈ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹೀಗೆ ಬೇಕಾಗುವ ಮೊತ್ತವನ್ನೇ ಜೈವಿಕ ಆಮ್ಲಜನಕ ಬೇಡಿಕೆ ಎನ್ನುವರು. ಶುದ್ಧ ಜಲದಲ್ಲಿ ಇದು ೫ಕ್ಕಿಂತ ಕಡಿಮೆ. ೧೭ ಅಥವಾ ಅದಕ್ಕೆ ಮೇಲ್ಪಟ್ಟರೆ ನೀರು ಬಹಳ ಕೆಟ್ಟಿತೆಂದು ಪಠ್ಯದಲ್ಲಿಯೇ ಇದ್ದಿತು. ಆಮ್ಲಜನಕವು ತೀರಿಹೋದ ಮೇಲೆ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ನೀರಿನ ಸಲ್ಫೇಟನ್ನು ಅಪಕರ್ಷಿಸಿ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಲವಣದ ವಿಶ್ಲೇಷಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ, ಸೀಸದ ಅಸಿಟೇಟಿನ ಕಾಗದ ಕಪ್ಪಾಗುವುದು ಎಂದು ನೀವು ಬರೆಯುವ ಅನಿಲ ಇದೇ. ಬೆಳ್ಳಿಯನ್ನು ಕಪ್ಪಾಗಿಸುವುದೂ ಇದೇ.

ಇನ್ನೊಂದು ಸಂಬಂಧವನ್ನು ಕೇಳಿರಿ. ಪ್ರಾಯೋಗಿಕ ತರಗತಿಯಲ್ಲಿ ಮೋರ್ ಲವಣವನ್ನು ಬ್ಯೂರೆಟ್ಟಿನ ಪರ್ಮಾಂಗನೇಟಿನೊಡನೆ ಅಳೆಯುತ್ತೀರಿ. ಏತಕ್ಕೆಂದು ಕೇಳಿದರೆ ಪರೀಕ್ಷೆಗೆಂದು ಹೇಳುತ್ತೀರಿ. ನೀರಿನ ಕೊಳೆಯನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಆ ನೀರನ್ನು ಡೈಕ್ರೋಮೇಟಿನೊಡನೆ ಕುದಿಸಿ, ಉಳಿದ ಡೈಕ್ರೋಮೇಟನ್ನು ಇದೇ ಮೋರ್ ಲವಣದಿಂದ ಅಳೆಯುತ್ತಾರೆ. ನಿಮ್ಮ ಕೈಯಲ್ಲಿರುವ ಬ್ಯೂರೆಟ್ಟು ನಿಮ್ಮ ಕೆರೆಗೆ ಸಾಕ್ಷಿ ಹೇಳಬಲ್ಲ ಉಪಕರಣ. ಆದರೆ ಒಂದು ಎಚ್ಚರಿಕೆ: ಉಪಾಧ್ಯಾಯರಿಲ್ಲದೆ, ಕೈಗವಸಿಲ್ಲದೆ ಯಾರೂ ಈ ನೀರಿಗೆ ಕೈಹಾಕತಕ್ಕದ್ದಲ್ಲ, ಯಾವ ಅನಿಲವನ್ನೂ ಮೂಗಿಟ್ಟು ಮೂಸತಕ್ಕದ್ದಲ್ಲ.

ಈಗ ಒಂದು ವಿಚಿತ್ರವನ್ನು ಹೇಳಬೇಕಾಗಿದೆ. ನಮ್ಮ ಪದವಿಪೂರ್ವ ತರಗತಿಗಳು ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತವೆ. ೨೦೨೨ರಲ್ಲಿ ಆ ಸಂಸ್ಥೆಯು ಪಾಠದ ಹೊರೆಯನ್ನು ಇಳಿಸುವುದಾಗಿ ಪ್ರಕಟಿಸಿದಾಗ ಹನ್ನೊಂದನೆಯ ತರಗತಿಯ ಪರಿಸರ ರಸಾಯನದ ಅಧ್ಯಾಯವೂ, ಹನ್ನೆರಡನೆಯ ತರಗತಿಯಲ್ಲಿ ಸಾಬೂನು ಮಾರ್ಜಕಗಳನ್ನು ವಿವರಿಸುತ್ತಿದ್ದ ದೈನಂದಿನ ಜೀವನದ ರಸಾಯನದ ಅಧ್ಯಾಯವೂ ಬಿದ್ದುಹೋದವು. ಬೈರಮಂಗಲದ ಹುಡುಗನಿಗೆ ತನ್ನ ಊರಿನ ನೊರೆಯನ್ನೂ ವಾಸನೆಯನ್ನೂ ವಿವರಿಸುತ್ತಿದ್ದ ಪುಟಗಳೇ ಹೋದವು! ಇದರಿಂದಾದ ಗೊಂದಲವನ್ನು ೨೦೨೪ರ ಏಪ್ರಿಲಿನಲ್ಲಿ ನಡೆದ ಸಿಇಟಿ ಪರೀಕ್ಷೆಯಲ್ಲಿ ನಾಡೆಲ್ಲ ಕಂಡಿತು. ಕೈಬಿಟ್ಟ ಪಾಠಗಳಿಂದಲೂ ಪ್ರಶ್ನೆಗಳು ಬಂದು, ಕೂಗೆದ್ದು, ಕೊನೆಗೆ ೫೦ ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು. ಪಾಠದ ಹೊರೆ ಇಳಿಯಬೇಕೆಂಬುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಹೊರೆ ಇಳಿಸುವವನು ಕಲ್ಲನ್ನು ಇಳಿಸಬೇಕೇ ಹೊರತು ಬುತ್ತಿಯನ್ನಲ್ಲ. ಈ ಎರಡು ಅಧ್ಯಾಯಗಳು ಅಂಕ ತರಲಿ ತರದಿರಲಿ, ಈ ಸೀಮೆಯ ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ಹಳೆಯ ಪುಸ್ತಕದಿಂದ ಇವನ್ನು ಓದಿಕೊಳ್ಳಬೇಕೆಂದು ಬೇಡುತ್ತೇನೆ. ಹಾಗೆ ಓದಿದವನಿಗೆ ಉತ್ಕರ್ಷಣ ಅಪಕರ್ಷಣ, ಸಮತೋಲ, ದ್ರಾವಣ ಎಂಬ ಪರೀಕ್ಷೆಯ ಪಾಠಗಳೂ ತಾವಾಗಿ ಗಟ್ಟಿಯಾಗುವುವು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಎರಡು. ಪ್ರೌಢಶಾಲೆಯವರು ಹತ್ತನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ಕನ್ನಡದ ಪ್ರತಿಯೊಂದು ಪಾರಿಭಾಷಿಕ ಶಬ್ದದ ಪಕ್ಕದಲ್ಲಿ ಇಂಗ್ಲೀಷಿನದನ್ನೂ ಹಲಗೆಯ ಮೇಲೆ ಬರೆಯಲಿ. ಕಾಲೇಜಿನವರು ಮೊದಲ ಮೂರು ತಿಂಗಳು ಪಾಠವನ್ನು ಕನ್ನಡದಲ್ಲಿ ವಿವರಿಸಿ ಇಂಗ್ಲೀಷಿನಲ್ಲಿ ಬರೆಸಲಿ. ಇದರಲ್ಲಿ ಕಾಲೇಜಿನ ಗೌರವಕ್ಕೆ ಯಾವ ಕುಂದೂ ಇಲ್ಲ. ಪುರಜನರಲ್ಲಿ ಒಂದು ವಿನಂತಿ. ಊರಿನಲ್ಲಿ ವಿಜ್ಞಾನವನ್ನು ಓದಿ ಮುಗಿಸಿದ ತರುಣ ತರುಣಿಯರು ಇದ್ದಾರೆ. ಕಾರ್ಖಾನೆಗಳಲ್ಲಿ ಕೆಲಸಮಾಡುವವರೂ ಇದ್ದಾರೆ. ಇವರು ವಾರಕ್ಕೆ ಒಂದು ಸಂಜೆ ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ಕುಳಿತು ಕಿರಿಯರಿಗೆ ಲೆಕ್ಕ ಹೇಳಿಕೊಡುವ ಏರ್ಪಾಡನ್ನು ನೀವು ಮಾಡಿರಿ. ದೊಡ್ಡ ಪಟ್ಟಣದ ತರಬೇತಿ ಸಂಸ್ಥೆಗಳಿಗೆ ಹಣ ತೆರಲಾರದ ಮನೆಯ ಮಕ್ಕಳಿಗೆ ಇದೇ ಆಸರೆ.

ವಿದ್ಯಾರ್ಥಿಗಳೇ, ದ್ವಿತೀಯ ಪದವಿಪೂರ್ವ ಪರೀಕ್ಷೆಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿದೆ. ಒಮ್ಮೆ ಎಡವಿದವನಿಗೆ ಬಾಗಿಲು ಮುಚ್ಚಿಹೋಯಿತೆಂಬ ಕಾಲ ಹೋಯಿತು. ಆದುದರಿಂದ ಅಂಜಿಕೆಯನ್ನು ಬಿಟ್ಟು ಕ್ರಮವನ್ನು ಹಿಡಿಯಿರಿ. ಅಂಕಗಳು ಬೇಕು, ಅವಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಆದರೆ ಮುಂದೆ ನಿಮ್ಮಲ್ಲಿ ಯಾರಾದರೂ ವಿಜ್ಞಾನಿಗಳಾಗಿ, ಎಂಜಿನಿಯರುಗಳಾಗಿ, ಅಧಿಕಾರಿಗಳಾಗಿ ಮೇಜಿನ ಮುಂದೆ ಕುಳಿತಾಗ ಈ ಕೆರೆಯ ನೀರಿನ ವರದಿಯು ನಿಮ್ಮ ಕೈಗೆ ಬಂದೀತು. ಆ ಹೊತ್ತು ಅದರಲ್ಲಿರುವ ಅಂಕಿಗಳನ್ನು ಅರ್ಥಮಾಡಿಕೊಳ್ಳಬಲ್ಲವರೂ, ಆ ಅರ್ಥವನ್ನು ಇಲ್ಲಿಯ ಒಕ್ಕಲಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರೂ ನೀವಾಗಿರಬೇಕು. ಅಂಥವರು ಈ ನಾಲ್ಕು ತಾಲ್ಲೂಕುಗಳಿಂದ ಹೊರಡಲಿ ಎಂದು ಹಾರೈಸುತ್ತೇನೆ.